ವೆನಿಲಿನ್ ಎಷ್ಟು ಬೇಗ ಹಾರುತ್ತದೆ: ಮೈಸೂರಿನ ಒಂದು ಪ್ರಯೋಗಾಲಯದ ಉತ್ಪತನ ಪರೀಕ್ಷೆ

ಊದುಬತ್ತಿಗೆ ಸುಗಂಧ ಬೆರೆಸುವ ನಮ್ಮಂಥವರಿಗೆ ಯಾವ ದ್ರವ್ಯ ಎಷ್ಟು ಬೇಗ ಹಾರಿಹೋಗುತ್ತದೆ ಎಂಬುದು ಲಾಭ ನಷ್ಟದ ಪ್ರಶ್ನೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 11 ಪ್ಯಾಸ್ಕಲ್ ಆವಿ ಒತ್ತಡವಿರುವ (ಈ ಒತ್ತಡ ಹೆಚ್ಚಿದ್ದಷ್ಟೂ ವಸ್ತು ಬೇಗ ಹಾರುತ್ತದೆ) ನ್ಯಾಫ್ತಲೀನ್, ಅಂದರೆ ನುಸಿಗುಳಿಗೆ, ಸವೆದದ್ದು ತೂಕದಲ್ಲೇ ಗೊತ್ತಾಗುತ್ತದೆ. ಅದಕ್ಕಿಂತ ನೂರಾರು ಪಟ್ಟು ಕಡಿಮೆ ಒತ್ತಡದ ವೆನಿಲಿನ್, ಅಂದರೆ ವೆನಿಲಾ ಪರಿಮಳದ ಹರಳು, ಸಾಮಾನ್ಯ ತಕ್ಕಡಿಗೆ ಸಿಗುವುದಿಲ್ಲ. ಆದ್ದರಿಂದ ಮೈಸೂರಿನ ಖಾಸಗಿ ಪ್ರಯೋಗಾಲಯವೊಂದು ನೇರಳಾತೀತ ರೋಹಿತದ (ಯಾವ ತರಂಗದ ಬೆಳಕನ್ನು ವಸ್ತು ಎಷ್ಟು ಹೀರುತ್ತದೆಂಬ ರೇಖೆಯ) ಮೂಲಕ ಮಾಡಿಕೊಡುವ ಉತ್ಪತನ (ಘನವಸ್ತು ದ್ರವವಾಗದೆ ನೇರವಾಗಿ ಆವಿಯಾಗುವ) ಪರೀಕ್ಷೆಗೆ ನಮ್ಮ ಮಾದರಿಯನ್ನು ಕೊಟ್ಟೆವು.

ಕೆಲಸದ ಕ್ರಮ ಅಚ್ಚುಕಟ್ಟಾಗಿದೆ. ವೆನಿಲಿನ್ನನ್ನು ಮದ್ಯಸಾರದಲ್ಲಿ ಕರಗಿಸಿ, ಸ್ಫಟಿಕಶಿಲೆಯ ಬಿಲ್ಲೆಯ ಮೇಲೆ ತೆಳುವಾಗಿ ಹರಡಿ ಒಣಗಿಸುತ್ತಾರೆ. ಚದರ ಸೆಂಟಿಮೀಟರಿಗೆ ಹತ್ತು ಮೈಕ್ರೋಗ್ರಾಂ ಇದ್ದರೂ ಉಪಕರಣಕ್ಕೆ ಸಾಕಾಗುತ್ತದೆ. ಬಿಲ್ಲೆಯನ್ನು ಸ್ಥಿರ ತಾಪದಲ್ಲಿಟ್ಟು ಆಗಾಗ ಅಳೆದಾಗ ಬೆಳಕಿನ ಹೀರುವಿಕೆ ಇಳಿಯುತ್ತಾ ಹೋಗುತ್ತದೆ, ಆ ಇಳಿಕೆಯ ದರವೇ ಉತ್ಪತನದ ದರ. ಅದೇ ಪರಿಸ್ಥಿತಿಯಲ್ಲಿ, ಆವಿ ಒತ್ತಡ ಚೆನ್ನಾಗಿ ಗೊತ್ತಿರುವ ಬೆಂಜೋಯಿಕ್ ಆಮ್ಲದ ಬಿಲ್ಲೆಯನ್ನೂ ಇಟ್ಟು, ಅಣುಭಾರದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡು ಎರಡರ ದರವನ್ನೂ ಹೋಲಿಸಿ ವೆನಿಲಿನ್ನಿನ ಆವಿ ಒತ್ತಡವನ್ನು ಪಡೆಯುತ್ತಾರೆ.

ತೂಕದ ವಿಧಾನಕ್ಕಿಂತ ಇದು ಮೇಲು ಎನ್ನಲು ನನ್ನ ಕಾರಣ ಸೂಕ್ಷ್ಮತೆಯೊಂದೇ ಅಲ್ಲ. ತಕ್ಕಡಿ ಏನೋ ಹೋಯಿತೆಂದಷ್ಟೇ ಹೇಳುತ್ತದೆ, ರೋಹಿತವಾದರೋ ಉಳಿದದ್ದು ಏನೆಂದೂ ತೋರಿಸುತ್ತದೆ. ತೇವದ ಗಾಳಿಯಲ್ಲಿ ವೆನಿಲಿನ್ ನಿಧಾನವಾಗಿ ಉತ್ಕರ್ಷಣಗೊಂಡು ವೆನಿಲಿಕ್ ಆಮ್ಲವಾಗುವುದುಂಟು. ಹಾಗಾದರೆ ರೇಖೆಯ ಆಕಾರವೇ ಬದಲಾಗುತ್ತದೆ. ನಾವು ಕೇಳಿ ಪಡೆದ ಮೂಲ ರೇಖೆಗಳಲ್ಲಿ ಎಲ್ಲ ಶಿಖರಗಳೂ ಒಂದೇ ಅನುಪಾತದಲ್ಲಿ ತಗ್ಗಿದ್ದವು, ಅಂದರೆ ಹೋದದ್ದು ಹಾರಿಯೇ ಹೋಗಿತ್ತು. ಕೊನೆಯ ಕೆಲವು ರೇಖೆಗಳಲ್ಲಿ ಮಾತ್ರ, ವೆನಿಲಿನ್ ಹೀರಿಕೊಳ್ಳದ 400 ನ್ಯಾನೋಮೀಟರಿನ ಆಸುಪಾಸಿನಲ್ಲೂ ತಳ ಮೇಲೆದ್ದಿತ್ತು. ಪದರ ಒಡೆದು ಹರಳುಗಟ್ಟಿ ಬೆಳಕನ್ನು ಚದುರಿಸಿದ್ದರ ಗುರುತು ಅದು. ಆ ಭಾಗವನ್ನು ಲೆಕ್ಕದಿಂದ ಬಿಟ್ಟು, ಆರಂಭದ ಸರಳರೇಖೆಯ ಭಾಗವನ್ನಷ್ಟೇ ಬಳಸಿದ ತಂತ್ರಜ್ಞರ ವಿವೇಕವನ್ನು ಮೆಚ್ಚಲೇಬೇಕು.

ವರದಿ ಬರೆಯುವಾಗ ಆ ವಿವೇಕ ಎಲ್ಲಿ ಹೋಯಿತೋ! ಮುಖಪುಟದಲ್ಲಿ ದಪ್ಪಕ್ಷರದಲ್ಲಿರುವುದು 25 ಡಿಗ್ರಿಯ ಆವಿ ಒತ್ತಡದ ಒಂದೇ ಅಂಕಿ. ಅಳತೆ ನಡೆದದ್ದು 40ರಿಂದ 65 ಡಿಗ್ರಿಯ ನಡುವೆ. ಒತ್ತಡದ ಲಾಗರಿದಮ್ಮನ್ನು ತಾಪದ ವಿಲೋಮಕ್ಕೆ ಎದುರಾಗಿಟ್ಟು ಎಳೆದ ಗೆರೆಯನ್ನು ಕೆಳಕ್ಕೆ ಚಾಚಿ ಆ ಅಂಕಿಯನ್ನು ಪಡೆದಿದ್ದಾರೆ ಎಂಬುದು ಅನುಬಂಧ ಓದಿದವರಿಗಷ್ಟೇ ತಿಳಿಯುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಗೆರೆಯ ಇಳಿಜಾರಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಅಂಕಿ ಜಾರುತ್ತದೆ, ಅನಿಶ್ಚಿತತೆಯ ಮಾತೇ ಅಲ್ಲಿಲ್ಲ. ಅಷ್ಟಕ್ಕೂ ಬನ್ನಿಮಂಟಪದ ನಮ್ಮ ಗೋದಾಮು ಏಪ್ರಿಲ್ ಮಧ್ಯಾಹ್ನ 25 ಡಿಗ್ರಿಯಲ್ಲಿರುವುದಿಲ್ಲ. ನಮಗೆ ಬೇಕಿದ್ದದ್ದು 35 ಡಿಗ್ರಿಯ ಅಂಕಿ, ಅಳತೆಗೆ ಅದೇ ಹತ್ತಿರವೂ ಆಗಿತ್ತು.

ಶುಲ್ಕ ದುಬಾರಿಯೇನಲ್ಲ, ಫೋನಿಗೆ ಉತ್ತರವೂ ಸಿಗುತ್ತದೆ. ಮುಂದೆ ಇನ್ನೊಂದು ಸುಗಂಧದ್ರವ್ಯವಾದ ಕೂಮರಿನ್ ಮಾದರಿಯನ್ನೂ ಅಲ್ಲಿಗೇ ಕೊಡಲಿದ್ದೇವೆ. ಅಳೆದ ಪ್ರತಿ ತಾಪದ ಒತ್ತಡವನ್ನೂ ಮೂಲ ರೇಖೆಗಳನ್ನೂ ವರದಿಯೊಂದಿಗೇ ಕೊಡಬೇಕೆಂದು ಈ ಸಲ ಕೋರಿಕೆಪತ್ರದಲ್ಲೇ ಬರೆದಿದ್ದೇವೆ.