ಬಿಸಿಯಾಗುವ ಗೇಮಿಂಗ್ ಲ್ಯಾಪ್‌ಟಾಪ್ ರಿಪೇರಿಗೆ ಕೊಡೋ ಮುಂಚೆ ಬಳ್ಳಾರಿಯವರು ಇದನ್ನ ಓದಿ

ನಮ್ಮದು ಕೌಲ್ ಬಜಾರ್ ಕಡೆ ಮನೆ. ಕೆಳಗೆ ಜೀನ್ಸ್ ಹೊಲಿಯೋ ಆರು ಮಷೀನು, ಮೇಲೆ ನಾವು. ನನ್ನ ಗೇಮಿಂಗ್ ಲ್ಯಾಪ್‌ಟಾಪು ಮೂರು ವರ್ಷ ಕೆಳಗಿನ ಕಟಿಂಗ್ ಟೇಬಲ್ ಮೇಲೇ ಇತ್ತು, ಯಾಕಂದ್ರೆ ಅಲ್ಲಿ ಫ್ಯಾನ್ ಗಾಳಿ ಚೆನ್ನಾಗಿ ಬರುತ್ತೆ.

ಏಪ್ರಿಲ್‌ನಲ್ಲಿ ತೊಂದರೆ ಶುರುವಾಯ್ತು. ಗೇಮ್ ಹಾಕಿದ ಹತ್ತು ನಿಮಿಷಕ್ಕೆ ತಡವರಿಸೋದು, ಆಮೇಲೆ ಪಟ್ ಅಂತ ಆಫ್. ಕೀಬೋರ್ಡ್ ಮೇಲೆ ಬೆರಳು ಇಡೋಕೆ ಆಗ್ತಿರಲಿಲ್ಲ. ಊರಲ್ಲೇ ಒಂದು ಅಂಗಡಿಗೆ ಒಯ್ದೆ. ಅವರು ಆನ್ ಮಾಡಿ, ಕೆಳಗೆ ಕೈಯಿಟ್ಟು ನೋಡಿ ಹೇಳಿದ್ದು ಇಷ್ಟೇ: "ಜಿಪಿಯು ಚಿಪ್ ವೀಕ್ ಆಗೈತಿ ತಮ್ಮಾ, ಬೋರ್ಡಿಗೆ ಹೀಟ್ ಕೊಟ್ಟು ಕೂರಿಸಬೇಕು. ನಾಲ್ಕೂವರೆ ಸಾವಿರ." ಜಿಪಿಯು ಅಂದ್ರೆ ಗೇಮಿನ ಚಿತ್ರ ಮೂಡಿಸೋ ಚಿಪ್. ಒಂದು ಟೆಂಪರೇಚರ್ ಅಳೆಯಲಿಲ್ಲ, ತಳದ ಮುಚ್ಚಳ ಬಿಚ್ಚಲಿಲ್ಲ. ನಾನೂ ಕೇಳಲಿಲ್ಲ. ನನ್ನ ತಪ್ಪು ಅದೇ.

ಡಿಸ್‌ಪ್ಲೇ ಸರಿಯಾಗಿ ಬಂದು, ಹತ್ತು ನಿಮಿಷ ಗೇಮ್ ಓಡಿಸಿ, ಬಿಸಿ ಏರಿದಾಗ ಮಾತ್ರ ಆಫ್ ಆಗೋ ಲ್ಯಾಪ್‌ಟಾಪಲ್ಲಿ ಮೊದಲು ನೋಡಬೇಕಾದ್ದು ಗಾಳಿ ಹೋಗೋ ದಾರಿ. ಬೋರ್ಡಿಗೆ ಹೀಟ್ ಕೊಡೋದು ಚಿಪ್ ಕೆಳಗಿನ ಬೆಸುಗೆ ಬಿಟ್ಟಿದ್ದರೆ ಮಾಡೋ ಕೆಲಸ, ಅದೂ ಬಹಳ ಸಲ ತಾತ್ಕಾಲಿಕ. ನನಗೆ ಅದು ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ.

ನಾಲ್ಕು ದಿನ ಬಿಟ್ಟು ವಾಪಸ್ ತಂದೆ. ಈ ಸಲ ಒಳಗಿನ ಬಿಸಿ ತೋರಿಸೋ ಎಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ, ಗೇಮ್ ಓಡಿಸಿ ನೋಡಿದೆ. ಪ್ರೊಸೆಸರ್ 98 ಡಿಗ್ರಿ, ಜಿಪಿಯು 87, ವೇಗ ಅರ್ಧಕ್ಕೂ ಕೆಳಗೆ. ಚಿಪ್ ತನ್ನನ್ನ ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸುತ್ತೆ, ಅದಕ್ಕೂ ಮೀರಿದರೆ ಆಫ್ ಆಗುತ್ತೆ. ಎಡಗಡೆಯ ಯುಎಸ್‌ಬಿ ಪೋರ್ಟು ಬೇರೆ ಸತ್ತಿತ್ತು. ಕೊಡುವಾಗ ಅದು ಕೆಲಸ ಮಾಡ್ತಿತ್ತು. ಹೋಗಿ ಕೇಳಿದರೆ "ಅದು ನಮಗ ಗೊತ್ತಿಲ್ಲ" ಅಂದರು. ಕೈಯಲ್ಲಿ ಬಿಲ್ಲೂ ಇರಲಿಲ್ಲ.

ಕೊನೆಗೆ ನಮ್ಮ ಮಷೀನುಗಳ ಮೋಟರ್, ಬೋರ್ಡ್ ರಿಪೇರಿ ಮಾಡೋ ಅಣ್ಣನಿಗೇ ತೋರಿಸಿದೆ. ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿ ಕನೆಕ್ಟರ್ ತೆಗೆದರು, ಆಮೇಲೆ ಫ್ಯಾನ್ ಎತ್ತಿದರು. ಫ್ಯಾನಿಗೂ ಚಿಪ್ಪಿನ ಬಿಸಿ ಒಯ್ಯೋ ತಾಮ್ರದ ಪೈಪಿನ ತುದಿಯ ತೆಳು ರೆಕ್ಕೆಗಳಿಗೂ ನಡುವೆ ನೀಲಿ ಕಂಬಳಿಯ ಹಾಗೆ ಒಂದು ಪದರ ಕೂತಿತ್ತು. "ನೋಡಪ್ಪ, ನಿಮ್ಮ ಪ್ಯಾಂಟಿನ ಬಟ್ಟಿನೇ ಇದು" ಅಂದರು. ಚಿಮಟದಲ್ಲಿ ಹಿಡಿದರೆ ಒಂದೇ ತುಂಡಾಗಿ ಬಂತು. ಡೆನಿಮ್ ನೂಲಿನ ಧೂಳು ಮೂರು ವರ್ಷ ಒಳಗೆ ಹೋಗಿ ಅಲ್ಲಿ ಮೆತ್ತಿಕೊಂಡಿತ್ತು. ಅಂಗಡಿಯವರು ಬೋರ್ಡ್ ಹೊರಗೆ ತೆಗೆದು ಹೀಟ್ ಕೊಟ್ಟಿದ್ದಾರೆ, ಆದರೆ ಇದನ್ನ ಮುಟ್ಟಿಲ್ಲ! ಹೊರಗಿಂದ ಬ್ಲೋಯರ್ ಹೊಡೆದರೂ ಇದು ಹೋಗಲ್ಲ, ಫ್ಯಾನ್ ಬಿಚ್ಚಲೇಬೇಕು. ಬ್ಲೋಯರ್ ಹಿಡಿಯೋದಾದರೆ ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಿಂದ ತಡೆದುಕೊಳ್ಳಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗುತ್ತೆ.

ಕಂಬಳಿ ತೆಗೆದ ಮೇಲೆ ಪ್ರೊಸೆಸರ್ ತಣ್ಣಗಾಯ್ತು, ಜಿಪಿಯು ಮಾತ್ರ ಆಗಲಿಲ್ಲ. ಹೀಟ್‌ಸಿಂಕ್, ಅಂದರೆ ಚಿಪ್ಪಿನ ಬಿಸಿ ಎಳೆದುಕೊಳ್ಳೋ ತಾಮ್ರದ ಭಾಗ, ಎತ್ತಿ ನೋಡಿದರೆ ಜಿಪಿಯು ಮೇಲಿನ ಬಿಸಿ ದಾಟಿಸೋ ಪೇಸ್ಟು ಹಚ್ಚಿದ ಉಂಡೆಯಾಗಿಯೇ ಕೂತಿತ್ತು, ಚಪ್ಪಟೆಯಾಗಿರಲಿಲ್ಲ. ಅಂದರೆ ಮೇಲಿನ ತಾಮ್ರ ಚಿಪ್ಪಿಗೆ ತಾಗಿಯೇ ಇರಲಿಲ್ಲ. ಅಂಗಡಿಯವರು ಮೆಮೊರಿ ಚಿಪ್ಪುಗಳ ಮೇಲಿದ್ದ, ಬಿಸಿ ದಾಟಿಸೋ 1 ಮಿಲಿಮೀಟರ್ ದಪ್ಪದ ಮೆತ್ತನೆ ಪ್ಯಾಡ್ ತೆಗೆದು 2 ಮಿಲಿಮೀಟರಿನದು ಇಟ್ಟಿದ್ದರು. ಆ ದಪ್ಪವೇ ಹೀಟ್‌ಸಿಂಕನ್ನ ಎತ್ತಿ ಹಿಡಿದಿತ್ತು. ಅಳತೆಯ ಪ್ಯಾಡ್ ಹಾಕಿ, ಹಳೇ ಪೇಸ್ಟ್ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸದು ಹಚ್ಚಿ, ಹೀಟ್‌ಸಿಂಕಿನ ಮೇಲೆ ಬರೆದಿದ್ದ ಅಂಕಿಯ ಕ್ರಮದಲ್ಲೇ ಸ್ಕ್ರೂ ಬಿಗಿದರು. ಈಗ ಅದೇ ಗೇಮಿನಲ್ಲಿ ಪ್ರೊಸೆಸರ್ 82, ಜಿಪಿಯು 73. ಪೇಸ್ಟು, ಪ್ಯಾಡು ಸೇರಿ ಖರ್ಚು ಒಂಬೈನೂರು ರೂಪಾಯಿ. ಅಣ್ಣ ಕೂಲಿ ತಗೊಳ್ಳಲಿಲ್ಲ.

ಅಂಗಡಿಗೆ ಹೋಗೋ ಮುಂಚೆ ಮನೆಯಲ್ಲೇ ಬಿಸಿ ಗಾಳಿ ಹೊರಗೆ ಬರೋ ಕಿಂಡಿಗೆ ಕೈಯಿಟ್ಟು ನೋಡಿ. ಫ್ಯಾನ್ ಕಿರುಚ್ತಾ ಇದ್ದು ಗಾಳಿ ಸರಿಯಾಗಿ ಬರ್ತಿಲ್ಲ ಅಂದರೆ ಬಹುಶಃ ಪೈಪಿನ ತುದಿಯ ತೆಳು ರೆಕ್ಕೆಗಳಲ್ಲಿ ಧೂಳು ಕಟ್ಟಿಕೊಂಡಿದೆ. ಗಾಳಿ ಜೋರಾಗಿ ಬರ್ತಿದೆ, ಆದರೆ ಅಷ್ಟು ಬಿಸಿ ಇಲ್ಲ, ಒಳಗೆ ಚಿಪ್ ಮಾತ್ರ 90 ದಾಟಿದೆ ಅಂದರೆ ಪೇಸ್ಟೋ ಪ್ಯಾಡೋ ತಾಗ್ತಿಲ್ಲ. ನಲವತ್ತು ದಾಟೋ ನಮ್ಮ ಬೇಸಿಗೆಯಲ್ಲಿ ಒಳಗೆ ಹೋಗೋ ಗಾಳಿಯೇ ಬಿಸಿ ಇರುತ್ತೆ, ಹಾಗಾಗಿ ಚಳಿಗಾಲದ ಅಂಕಿ ಮೇಯಲ್ಲಿ ಬರಲ್ಲ. ಅದಕ್ಕೆ ಗಾಬರಿಯಾಗಿ ಬೋರ್ಡಿಗೆ ಕೈಹಾಕಿಸಬೇಡಿ. ಕೊಡಲೇಬೇಕಾದರೆ ಎಲ್ಲ ಪೋರ್ಟುಗಳು ನಡೆಯೋದನ್ನ ಅವರ ಎದುರೇ ತೋರಿಸಿ ವಿಡಿಯೊ ಮಾಡಿ, ಏನು ಬದಲಿಸ್ತಾರೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ, ಮುಚ್ಚಳ ಬಿಚ್ಚೋವರೆಗೂ ಅಲ್ಲೇ ನಿಲ್ಲಿ. ಯಾರಾದರೂ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ (ದ್ರವ ಲೋಹ) ಹಾಕ್ತೀವಿ ಅಂದರೆ ಬೇಡ ಅನ್ನಿ. ಅದು ಕರೆಂಟು ಹಾಯಿಸುತ್ತೆ, ಒಂದು ಹನಿ ಬೋರ್ಡ್ ಮೇಲೆ ಜಾರಿದರೆ ಶಾರ್ಟ್ ಆಗುತ್ತೆ.

ಲ್ಯಾಪ್‌ಟಾಪ್ ಈಗ ಮೇಲಿನ ಕೋಣೆಯಲ್ಲಿದೆ. ಮೂರು ತಿಂಗಳಿಗೊಮ್ಮೆ ಬಿಚ್ಚಿ ನೋಡ್ತೀನಿ. ಯುಎಸ್‌ಬಿ ಪೋರ್ಟು ಮಾತ್ರ ಇವತ್ತಿಗೂ ಬಂದಿಲ್ಲ.