ಹೆರಿಟೇಜ್ 130ಪಿ ಟೆಲಿಸ್ಕೋಪ್: ದಾವಣಗೆರೆ ತಾರಸಿಯಿಂದ ಗ್ರಹ ನೋಡೋರಿಗೆ ಎಷ್ಟು ಒಗ್ಗುತ್ತೆ?

ಸ್ಕೈವಾಚರ್ ಹೆರಿಟೇಜ್ 130ಪಿ ಅನ್ನೋದು ಮೇಜಿನ ಮೇಲಿಟ್ಟು ನೋಡುವ ಡಾಬ್ಸೋನಿಯನ್ ಟೆಲಿಸ್ಕೋಪ್. 130 ಮಿ.ಮೀ. ಕನ್ನಡಿ, 650 ಮಿ.ಮೀ. ನಾಭಿದೂರ, ಜೊತೆಗೆ 25 ಮತ್ತು 10 ಮಿ.ಮೀ.ನ ಎರಡು ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಮಸೂರ. ತೂಕ ಆರು ಕೆ.ಜಿ. ಚಿಲ್ಲರೆ. ಕೊಳವೆ ಒಳಕ್ಕೆ ಜಾರಿ ಗಿಡ್ಡ ಆಗುತ್ತೆ, ಬಸ್ಸಿನಲ್ಲೂ ಒಯ್ಯಬಹುದು. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ದಾವಣಗೆರೆ, ಚಿತ್ರದುರ್ಗದ ಕಡೆ ಗ್ರಹ ನೋಡೋಕೆ ಇದು ಧಾರಾಳ ಸಾಕು. ಆದರೆ ಡಬ್ಬಿಯಿಂದ ತೆಗೆದ ಹಾಗೇ ಇಟ್ಟು ನೋಡಿದರೆ ಅದರ ಶಕ್ತಿಯಲ್ಲಿ ಅರ್ಧವೂ ಕೈಗೆ ಸಿಗಲ್ಲ.

ಇದೇ ಅಳತೆಯ ಕನ್ನಡಿ ಈಕ್ವಟೋರಿಯಲ್ ಸ್ಟ್ಯಾಂಡಿನ (ಆಕಾಶ ತಿರುಗಿದಂತೆ ಹಿಂಬಾಲಿಸುವಂಥದ್ದು) ಮೇಲೂ ಬರುತ್ತೆ, ಅಂಗಡಿಯವರು ಅದನ್ನೇ ದಾಟಿಸಲು ನೋಡುತ್ತಾರೆ. ಬೇಡ. ಆ ಸ್ಟ್ಯಾಂಡ್ ಸರಿಯಾಗಿ ಕೆಲಸ ಮಾಡಬೇಕೆಂದರೆ ಅದರ ಅಕ್ಷ ಧ್ರುವನಕ್ಷತ್ರದ ಕಡೆ ಇರಬೇಕು. ನಮ್ಮೂರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಧ್ರುವನಕ್ಷತ್ರವೂ ದಿಗಂತದಿಂದ 14 ಡಿಗ್ರಿ ಎತ್ತರದಲ್ಲೇ. ವಿದ್ಯಾನಗರದಲ್ಲಿ ಆಗಲಿ ಪಿ.ಜೆ. ಬಡಾವಣೆಯಲ್ಲಿ ಆಗಲಿ ಪಕ್ಕದ ಮನೆಯ ನೀರಿನ ಟ್ಯಾಂಕೇ ಅದನ್ನು ಮುಚ್ಚುತ್ತೆ. ಡಾಬ್ಸೋನಿಯನ್‌ಗೆ ಆ ತಲೆನೋವಿಲ್ಲ, ಎಡಬಲ, ಮೇಲೆಕೆಳಗೆ ತಳ್ಳಿದರೆ ಆಯ್ತು.

ಇನ್ನು 'ಎಷ್ಟು ಪಟ್ಟು ದೊಡ್ಡದು' ಅನ್ನೋ ಲೆಕ್ಕ. 650ನ್ನು ಐಪೀಸಿನ ಅಳತೆಯಿಂದ ಭಾಗಿಸಿ: 25ಕ್ಕೆ 26 ಪಟ್ಟು, 10ಕ್ಕೆ 65 ಪಟ್ಟು. ಕನ್ನಡಿಯ ಪ್ರತಿ ಮಿ.ಮೀ.ಗೆ ಎರಡು ಪಟ್ಟಿನಂತೆ 260 ಈ ಕನ್ನಡಿಯ ಗರಿಷ್ಠ ಮಿತಿ, ಗಾಳಿ ಅಷ್ಟನ್ನು ಬಿಡುವುದು ಅಪರೂಪ. 70 ಮಿ.ಮೀ. ಆಟಿಕೆಯ ಡಬ್ಬಿ ಮೇಲೆ 675 ಪಟ್ಟು ಅಂತ ಅಚ್ಚಾಗಿದ್ದರೆ ಅದು ಬರೀ ಬುರುಡೆ. ಗ್ರಹಕ್ಕೆ ಬೇಕಾದದ್ದು 100ರಿಂದ 130 ಪಟ್ಟು. ಅಂದರೆ 6 ಮಿ.ಮೀ. ಐಪೀಸ್ ಒಂದನ್ನು ಬೇರೆ ಕೊಳ್ಳಿ, ಇಲ್ಲವೇ 10ಕ್ಕೆ ಎರಡು ಪಟ್ಟಿನ ಬಾರ್ಲೋ (ಐಪೀಸಿನ ಶಕ್ತಿ ಹೆಚ್ಚಿಸುವ ಮಸೂರ) ಹಾಕಿ. ಜೊತೆಗೆ ಬರುವ 10 ಸಾಧಾರಣ, ಅಂಚಿನಲ್ಲಿ ನಕ್ಷತ್ರ ಚುಕ್ಕೆಯಾಗಿ ಉಳಿಯಲ್ಲ. ನಮ್ಮ ಆಯ್ಕೆ 6 ಮಿ.ಮೀ.

ಗುರುಗ್ರಹ ಇದರ ನಿಜವಾದ ಹಬ್ಬ. 26 ಪಟ್ಟಿನಲ್ಲೇ ನಾಲ್ಕು ಉಪಗ್ರಹ ಸಾಲಾಗಿ ಕಾಣುತ್ತವೆ, 65ರಲ್ಲಿ ಎರಡು ಕಂದು ಪಟ್ಟಿ ಸ್ಪಷ್ಟ. 108 ಪಟ್ಟಿಗೆ ಹೋಗಿ ಸುಮ್ಮನೆ ಹತ್ತು ನಿಮಿಷ ಕಣ್ಣಿಟ್ಟು ಕೂತರೆ ಪಟ್ಟಿಯ ಅಂಚು ನೇರ ಗೆರೆಯಲ್ಲ, ಅಲ್ಲಲ್ಲಿ ಕಚ್ಚಿದಂತೆ ಇದೆ ಅನ್ನೋದು ಗೊತ್ತಾಗುತ್ತೆ. ಅಯೋ ಉಪಗ್ರಹ ಗ್ರಹದ ಅಂಚಿಗೆ ಸರಿಯುವಾಗ ಆ ಹತ್ತು ನಿಮಿಷದಲ್ಲೇ ನಡುವಿನ ಸಂದು ಕಿರಿದಾಗೋದು ಕಾಣುತ್ತೆ. ಅದರ ನೆರಳು ಗ್ರಹದ ಮೇಲೆ ಬಿದ್ದರೆ ಸೂಜಿಯಲ್ಲಿ ಚುಚ್ಚಿದ ಕಪ್ಪು ಚುಕ್ಕೆ. ಗುರುವಿನ ಮೇಲಿನ ದೈತ್ಯ ಬಿರುಗಾಳಿಯಾದ ಕೆಂಪು ಕಲೆ ಬೇಕೆಂದರೆ ವೇಳೆ ನೋಡಿಕೊಳ್ಳಬೇಕು, ಗ್ರಹ ಹತ್ತು ಗಂಟೆಯೊಳಗೆ ಒಂದು ಸುತ್ತು ಮುಗಿಸುತ್ತೆ.

ಶನಿಯ ಉಂಗುರ 2025ರ ಮಾರ್ಚ್‌ನಲ್ಲಿ ನಮ್ಮ ಕಡೆಗೆ ಅಂಚು ಮಾಡಿ ಗೆರೆಯಂತಾಗಿತ್ತು, ವರ್ಷ ವರ್ಷ ತೆರೆದುಕೊಳ್ಳುತ್ತಾ 2032ರ ಹೊತ್ತಿಗೆ ಪೂರ್ತಿ ಅಗಲವಾಗುತ್ತೆ. 65 ಪಟ್ಟಿನಲ್ಲಿ ಉಂಗುರ ಬೇರೆ, ಗ್ರಹ ಬೇರೆ ಅಂತ ಕಾಣುತ್ತೆ, ಪಕ್ಕದಲ್ಲಿ ಅದರ ಉಪಗ್ರಹ ಟೈಟನ್. ಮಂಗಳನಿಂದ ಹೆಚ್ಚು ನಿರೀಕ್ಷೆ ಬೇಡ: 26 ತಿಂಗಳಿಗೊಮ್ಮೆ ಹತ್ತಿರ ಬರುತ್ತಾನೆ, 2027ರ ಫೆಬ್ರವರಿಯಲ್ಲಿ ಬಂದಾಗಲೂ ಗುರುವಿನ ತಟ್ಟೆಯ ಅಗಲದಲ್ಲಿ ಮೂರನೇ ಒಂದರಷ್ಟೂ ಇರಲ್ಲ. ಚಂದ್ರನಂತೆ ಹಿಗ್ಗಿ ಕುಗ್ಗುವ ಶುಕ್ರನ ಆಕಾರ ಸುಲಭವಾಗಿ ಕಾಣುತ್ತೆ. ಯುರೇನಸ್ ಹಸಿರು ನೀಲಿ ಚುಕ್ಕೆ, ನೆಪ್ಚೂನ್ ನಕ್ಷತ್ರದಂಥದ್ದೇ. ಪ್ಲೂಟೊ ಕಾಣುತ್ತೆ ಅಂತ ಯಾರಾದರೂ ಮಾರಿದರೆ ಎದ್ದು ಬನ್ನಿ. ಚಂದ್ರನ ಕುಳಿಗಳ ಮಾತು ಬೇರೆ ಹೇಳಬೇಕಿಲ್ಲ. ಚಂದ್ರಯಾನದ ಪರೀಕ್ಷೆಗೆ ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ತೋಡಿಸಿದ ಕುಳಿಗಳ ಅಸಲು ಯಾವ ರೀತಿ ಇದೆ ಅಂತ ಅಷ್ಟಮಿಯ ಆಸುಪಾಸು, ಬೆಳಕು ನೆರಳು ಕೂಡುವ ಗೆರೆಯ ಬಳಿ ನೋಡಿ. ಹುಣ್ಣಿಮೆಗೆ ನೆರಳೇ ಇರಲ್ಲ, ಎಲ್ಲ ಚಪ್ಪಟೆ.

ಇಷ್ಟು ಕಾಣದೆ ಗ್ರಹ ಕುದಿಯುತ್ತಿದ್ದರೆ ಟೆಲಿಸ್ಕೋಪನ್ನು ಬೈಯಬೇಡಿ, ತಾರಸಿಯನ್ನು ಬೈಯಿರಿ. ಬೇಸಿಗೆಯಲ್ಲಿ ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತು ಹನ್ನೊಂದರವರೆಗೂ ಬಿಸಿ ಉಗುಳುತ್ತೆ, ಆ ಗಾಳಿ ಕೊಳವೆಯ ಎದುರೇ ಏಳುತ್ತೆ. ಮಣ್ಣಿನ ಅಂಗಳ ಇದ್ದರೆ ಅಲ್ಲಿಡಿ. ತಾರಸಿಯೇ ಗತಿ ಅಂದರೆ ತಡರಾತ್ರಿ ಅಥವಾ ಬೆಳಗಿನ ಜಾವ. ಫ್ಯಾನ್ ಕೆಳಗಿದ್ದ ಕನ್ನಡಿ ಹೊರಗಿನ ಹವೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬಿಡಿ. ಮಂಡಕ್ಕಿ ಭಟ್ಟಿಗಳ ಹೊಗೆ ಹಾಯುವ ದಿಕ್ಕನ್ನೂ ತಪ್ಪಿಸಿ. ಬೀದಿದೀಪಗಳಿಂದ ಆಕಾಶ ಬೆಳ್ಳಗಾದರೆ ಮಾತ್ರ ಗ್ರಹಕ್ಕೆ ಅಷ್ಟೇನೂ ಆಗಲ್ಲ. ನೀಹಾರಿಕೆಗಳ ಆಸೆ ಇದ್ದವರು ಊರ ಬೆಳಕು ಬಿಟ್ಟು ದೂರ ಹೋಗಬೇಕು.

ಟೆಲಿಸ್ಕೋಪಿನದ್ದೇ ಆದ ಕೊರತೆಗಳೂ ಇವೆ. ಚಿತ್ರ ಸ್ಪಷ್ಟ ಮಾಡಿಕೊಳ್ಳುವ ಫೋಕಸರ್ ತಿರುಪಿನ ಹಾಗೆ ಸುತ್ತುವಂಥದ್ದು, ಸಡಿಲ ಇರುತ್ತೆ. ಬಾರ್ಲೋ ಭಾರಕ್ಕೆ ವಾಲಿ ಚಿತ್ರ ಪಕ್ಕಕ್ಕೆ ಜಿಗಿಯುತ್ತೆ. ಪ್ಲಂಬರ್ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಅದರ ಹಲ್ಲಿನ ಮೇಲೆ ಎರಡು ಮೂರು ಸುತ್ತು ಹಾಕಿ, ಬಿಗಿಯಾಗುತ್ತೆ. ಕೊಳವೆಯ ಮೇಲ್ಭಾಗ ಬಯಲು, ಪಕ್ಕದ ಬೆಳಕು ನೇರ ಒಳಗೆ ಬರುತ್ತೆ. ಸ್ಟೇಷನರಿ ಅಂಗಡಿಯ ಕಪ್ಪು ಫೋಮ್ ಶೀಟನ್ನು ಕೊಳವೆಯ ಸುತ್ತಳತೆಗೆ ಕತ್ತರಿಸಿ ಸುತ್ತಿ. ಕಪ್ಪು ಚಾರ್ಟ್ ಪೇಪರ್ ಆಗಲ್ಲ, ತೇವಕ್ಕೆ ಬಗ್ಗಿ ಬೆಳಕಿನ ದಾರಿಗೆ ಅಡ್ಡ ಬರುತ್ತೆ. ಕೊಳವೆಯನ್ನು ಪೂರ್ತಿ ಎಳೆದು ಎರಡೂ ಕಡೆ ಕೂತಿದೆಯಾ ನೋಡಿ, ಕಾಲು ಇಂಚು ಒಳಗುಳಿದರೂ ಫೋಕಸ್ ಸಿಗದೇ ಹೋಗಬಹುದು. 'ಮಸುಕು' ಅನ್ನೋ ದೂರಿಗೆ ಮೊದಲು ನೋಡಬೇಕಾದ್ದು ಇದನ್ನೇ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಇಡಬೇಡಿ, ಮುಟ್ಟಿದರೆ ನಡುಗುತ್ತೆ. ಸಿಮೆಂಟ್ ಬ್ಲಾಕ್ ಜೋಡಿಸಿ, ಇಲ್ಲವೇ ಜಗಲಿ ಕಟ್ಟೆ.

ನೆತ್ತಿಯ ಮೇಲಿನ ಗ್ರಹ ಇನ್ನೊಂದು ಕಿರಿಕಿರಿ. ನಮ್ಮ ಅಕ್ಷಾಂಶದಲ್ಲಿ ಗ್ರಹಗಳು ಎತ್ತರಕ್ಕೆ ಏರುತ್ತವೆ. 2027ರ ಫೆಬ್ರವರಿಯ ನಡುರಾತ್ರಿ ಗುರು ಹೆಚ್ಚುಕಡಿಮೆ ನೆತ್ತಿಗೇ ಬರುತ್ತೆ. ವಾತಾವರಣದ ತೊಂದರೆ ಅಲ್ಲಿ ಕಡಿಮೆ ನಿಜ, ಆದರೆ ಡಾಬ್ಸೋನಿಯನ್ ನೇರ ಮೇಲಕ್ಕೆ ನೋಡುವಾಗ ಸ್ವಲ್ಪ ಸರಿಸಲು ಇಡೀ ಬುಡ ತಿರುಗಿಸಬೇಕಾಗುತ್ತೆ. ನೆತ್ತಿಗೆ ಬರುವ ಒಂದೂವರೆ, ಎರಡು ಗಂಟೆ ಮೊದಲೇ ನೋಡಿ. ಮೋಟಾರಿಲ್ಲದ್ದರಿಂದ 65 ಪಟ್ಟಿನಲ್ಲಿ ಗ್ರಹ ಒಂದು ಅಂಚಿಂದ ಇನ್ನೊಂದಕ್ಕೆ ದಾಟಲು ಮೂರು ನಿಮಿಷ, 130ರಲ್ಲಿ ಒಂದೂವರೆ. ಗ್ರಹವನ್ನು ಅಂಚಿಗೆ ತಂದು ಕೈ ಬಿಡಿ, ತಾನೇ ನಡುವಿಗೆ ಬರುತ್ತೆ.

ಕನ್ನಡಿಗಳ ಹೊಂದಾಣಿಕೆ, ಅಂದರೆ ಕೊಲಿಮೇಷನ್, ಪ್ರಯಾಣವಾದ ಮೇಲೆಲ್ಲ ನೋಡಿಕೊಳ್ಳಿ. ಪ್ರಖರ ನಕ್ಷತ್ರವೊಂದನ್ನು 100 ಪಟ್ಟಿಗೆ ಮೇಲೆ ಇಟ್ಟು ಫೋಕಸ್ ಸ್ವಲ್ಪ ಕೆಡಿಸಿ: ಬಳೆಗಳ ನಡುವೆ ಕಪ್ಪು ಚುಕ್ಕೆ ಸರಿಯಾಗಿ ನಡುವಿದ್ದರೆ ಸರಿ. ಒಂದು ಕಡೆ ಸರಿದಿದ್ದರೆ ಕೆಳಗಿನ ಕನ್ನಡಿಯ ಬಿಗಿ ತಿರುಪು ಸಡಿಲಿಸಿ, ಹೊಂದಿಸುವ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ನೋಡಿ. ನಡುವಿಗೆ ತರದೇ ಮುಂದುವರಿಯುವುದೇ ಎಲ್ಲರೂ ಎಡವುವ ಜಾಗ.

ಚಿತ್ರದುರ್ಗದವರಿಗೆ: ಗಾಳಿಯಂತ್ರ ತಿರುಗಿಸುವ ಗಾಳಿ ನಿಮ್ಮ ಕೊಳವೆಯನ್ನೂ ಬಿಡಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಗೋಡೆಯ ಮರೆ ಹುಡುಕಿ. ಕನ್ನಡಿಯ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಿದರೆ ಗೀರು ಬಿತ್ತು ಅಂತಲೇ ಲೆಕ್ಕ. ಸ್ವಲ್ಪ ಧೂಳಿನಿಂದ ಏನೂ ಆಗಲ್ಲ.

ಸೂರ್ಯನನ್ನು ನೋಡಬೇಕೆಂದರೆ ಕೊಳವೆಯ ಬಾಯಿಗೇ ಕಟ್ಟುವ ಸೌರ ಫಿಲ್ಮ್ ಒಂದೇ ದಾರಿ. ಬಯಲು ಭಾಗದಿಂದ ಬಿಸಿಲು ಒಳಗೆ ನುಸುಳದಂತೆ ಫೋಮ್ ಸುತ್ತಿರಬೇಕು, ಗುರಿ ಹಿಡಿಯಲು ಬಳಸುವ ಕೆಂಪು ಚುಕ್ಕೆಯ ಫೈಂಡರ್ ಬಿಚ್ಚಿಟ್ಟಿರಬೇಕು. ಐಪೀಸಿಗೆ ತಿರುಪುವ ಸಣ್ಣ ಕಪ್ಪು ಫಿಲ್ಟರ್ ಯಾರಾದರೂ ಕೊಟ್ಟರೆ ಎಸೆದುಬಿಡಿ, ಬಿಸಿಗೆ ಸೀಳಿದರೆ ಕಣ್ಣು ಹೋಗುತ್ತೆ.