ಮದುವೆಗೆ ಪೂರ್ತಿ, ಕಾಲೇಜಿಗೆ ಅರ್ಧ: ಹತ್ತು ವರ್ಷ ಕಟ್ಟಿದ ಸುಕನ್ಯಾ ಖಾತೆ

ಉಡುಪಿ ಪೇಟೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಅಂಗಡಿ ಅಂದರೆ ಎರಡು ಮೆಷಿನ್, ಒಂದು ಕನ್ನಡಿ, ಹೊಲಿದು ಮುಗಿಯದ ಬ್ಲೌಸ್ ಪೀಸಿನ ಕಟ್ಟುಗಳು, ಅಷ್ಟೆ. ಮೆಷಿನ್ನಿನ ಡ್ರಾಯರಿನಲ್ಲಿ, ಹುಕ್ಕಿನ ಡಬ್ಬಿಯ ಅಡಿಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಅಂಚೆ ಕಚೇರಿಯ ಪಾಸ್‌ಬುಕ್ ಒಂದುಂಟು. ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆ, ಹೆಣ್ಣುಮಕ್ಕಳಿಗೆಂದು ಸರ್ಕಾರ ಮಾಡಿದ ಉಳಿತಾಯ ಯೋಜನೆ. ತೆರೆದದ್ದು 2015ರ ಏಪ್ರಿಲ್‌ನಲ್ಲಿ. ಅದರಿಂದ ಮೊದಲ ಸಲ ದುಡ್ಡು ತೆಗೆದದ್ದು 2025ರಲ್ಲಿ, ಅವಳ ಇಂಜಿನಿಯರಿಂಗ್ ಸೀಟಿಗೆ. ಖಾತೆ ತೆರೆಯಿರಿ ಅಂತ ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ದುಡ್ಡು ತೆಗೆಯುವಾಗ ಎಂತಾಗುತ್ತದೆ ಅಂತ ಹೇಳಿದವರು ನನಗೆ ಯಾರೂ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ನನ್ನ ಮೊದಲ ಪ್ರಯತ್ನ ಅಲ್ಲ. ಮಗಳಿಗೆ ನಾಲ್ಕು ವರ್ಷ ಇರುವಾಗ ದೂರದ ಸಂಬಂಧಿಕರೊಬ್ಬರು ಒಂದು ವಿಮೆಯ 'ಮಕ್ಕಳ ಶಿಕ್ಷಣ ಪ್ಲಾನ್' ಮಾಡಿಸಿದರು. ಪುಸ್ತಿಕೆಯ ಮೇಲೆ ಕಪ್ಪು ಗೌನು ಹಾಕಿದ ಮಗುವಿನ ಚಿತ್ರ. ವರ್ಷಕ್ಕೆ 15,000. ಐದು ಕಂತು ಕಟ್ಟಿದ ಮೇಲೆ ನಮ್ಮವರ ಕೆಲಸ ಹೋಯಿತು, ಆರನೆಯದು ಕಟ್ಟಲಾಗಲಿಲ್ಲ. ಸರೆಂಡರ್ ಮಾಡಲು ಹೋದರೆ 75,000ಕ್ಕೆ ಕೈಗೆ ಬಂದದ್ದು 42,000. ಸಂಬಂಧಿಕರು ಅದರ ನಂತರ ಮದುವೆ ಮನೆಯಲ್ಲಿ ಸಿಕ್ಕಿದರೆ ಊಟದ ಪಂಕ್ತಿ ಬದಲಿಸುತ್ತಾರೆ. ಒಂದು ಮಾತು ಮಾತ್ರ ನ್ಯಾಯಕ್ಕೆ ಹೇಳಬೇಕು: ಅಪ್ಪನೋ ಅಮ್ಮನೋ ತೀರಿಕೊಂಡರೆ ಬಾಕಿ ಕಂತುಗಳನ್ನು ಕಂಪೆನಿಯೇ ಕಟ್ಟುವ ವ್ಯವಸ್ಥೆ ಆ ಪ್ಲಾನಿನಲ್ಲಿತ್ತು. ಸುಕನ್ಯಾದಲ್ಲಿ ಅದಿಲ್ಲ. ನಾನು ಸತ್ತರೆ ಕಟ್ಟಿದಷ್ಟೇ ದುಡ್ಡು, ಅದರ ಬಡ್ಡಿ. ಆ ಹೆದರಿಕೆಗೆ ಈಗ ನಾವಿಬ್ಬರೂ ಬೇರೆಯೇ ಟರ್ಮ್ ವಿಮೆ, ಅಂದರೆ ಸತ್ತರೆ ಮಾತ್ರ ದುಡ್ಡು ಬರುವ ವಿಮೆ, ಮಾಡಿಸಿದ್ದೇವೆ. ವಿಮೆಯನ್ನೂ ಉಳಿತಾಯವನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಬಾರದು ಅಂತ ಆ 33,000 ಕಳೆದುಕೊಂಡು ಕಲಿತೆ.

ಸುಕನ್ಯಾದ ವಿಷಯ ಹೇಳಿದ್ದು ಬ್ಲೌಸ್ ಹೊಲಿಸಲು ಬಂದ ಟೀಚರ್ ಒಬ್ಬರು. ಪ್ರಧಾನಿ ಪಾಣಿಪತ್‌ನಲ್ಲಿ ಅದನ್ನು ಶುರು ಮಾಡಿ ಆಗ ಮೂರು ತಿಂಗಳೂ ಆಗಿರಲಿಲ್ಲ, 2015ರ ಜನವರಿ 22ಕ್ಕೆ ಅಂತ ಟೀಚರಿಗೆ ತಾರೀಕೂ ನೆನಪಿತ್ತು. "ಹೆಣ್ಣು ಮಗುವಿಗೆ ಹತ್ತು ವರ್ಷ ಆಗುವುದರೊಳಗೆ ತೆರೆಯಬೇಕು, ನಿಮ್ಮವಳಿಗೆ ಇನ್ನೂ ಸಮಯ ಉಂಟು, ನಾಳೆಯೇ ಹೋಗಿ" ಅಂದರು. ನಮ್ಮ ಅಂಗಡಿಗೆ ಪ್ರತಿ ತಿಂಗಳು ಆರ್‌ಡಿ ಕಂತಿಗೆ ಬರುತ್ತಿದ್ದ ಏಜೆಂಟ್ ಅಕ್ಕ ಇದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಕೇಳಿದಾಗ ನಕ್ಕು, "ಅದರಲ್ಲಿ ನಮಗೆ ಕಮಿಷನ್ ಇಲ್ಲ ಮಾರಾಯ್ತಿ" ಅಂದರು. ಏಜೆಂಟಿಗೆ ಕಮಿಷನ್ ಇಲ್ಲದ ಸ್ಕೀಮು ಅಂತ ಕೇಳಿದ ಕೂಡಲೇ ನನಗೆ ನಂಬಿಕೆ ಬಂತು.

ತಿಂಗಳಿಗೆ 2,000 ಅಂತ ನಿಶ್ಚಯಿಸಿದೆ. ಎಲ್ಲಿಂದ ತರುವುದು? ನನ್ನ ಅಮ್ಮ ಬೀಡಿ ಕಟ್ಟಿ ಪಿಗ್ಮಿ ತುಂಬಿದವರು. ಪಿಗ್ಮಿ ಅಂದರೆ ಉಡುಪಿಯವರಿಗೆ ವಿವರಿಸಬೇಕಾಗಿಲ್ಲ. 1928ರಲ್ಲಿ ಇದೇ ಊರಿನ ಸಿಂಡಿಕೇಟ್ ಬ್ಯಾಂಕಿನವರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಒಟ್ಟು ಮಾಡಲು ಶುರು ಮಾಡಿದ ಕ್ರಮ ಅದು. ಬ್ಯಾಂಕ್ ಈಗ ಕೆನರಾದಲ್ಲಿ ಸೇರಿಹೋಯಿತು, ಶಬ್ದ ಮಾತ್ರ ಸೊಸೈಟಿಗಳ ಬಾಯಲ್ಲಿ ಉಳಿದಿದೆ. ನಾನು ಕಲೆಕ್ಟರಿಗೆ ಕಾಯಲಿಲ್ಲ. ಹಳೆಯ ಬಿಸ್ಕೆಟ್ ಡಬ್ಬಿಗೆ ದಿನಕ್ಕೆ 80 ರೂಪಾಯಿ ಹಾಕಿದೆ. ಆದಿತ್ಯವಾರ ಬಿಟ್ಟು 26 ದಿನಕ್ಕೆ 2,080. ಮೇಲಿನ 80 ಬಸ್ಸಿಗೆ ಮತ್ತು ಒಂದು ಬೊಂಡಕ್ಕೆ.

ಲೆಕ್ಕಕ್ಕೆ ಬರುತ್ತೇನೆ. ನಾನು ಸೇರಿದ ವರ್ಷ ಬಡ್ಡಿ ಶೇ. 9.2. 2016ರ ಏಪ್ರಿಲ್‌ಗೆ 8.6 ಆಯಿತು. ಮತ್ತೆ ಹತ್ತುವುದು ಇಳಿಯುವುದು ನಡೆದು, 2020ರ ಏಪ್ರಿಲ್‌ನಲ್ಲಿ ಒಮ್ಮೆಲೇ 7.6ಕ್ಕೆ ಬಿತ್ತು; ಮೂರು ವರ್ಷ ಅಲ್ಲಿಯೇ ಕೂತಿತು. 2023ರ ಏಪ್ರಿಲ್‌ನಲ್ಲಿ 8, 2024ರ ಜನವರಿಯಲ್ಲಿ 8.2. ಸೇರುವಾಗಿನ ಬಡ್ಡಿಯೇ ಕೊನೆವರೆಗೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ; ಸರ್ಕಾರ ಮೂರು ತಿಂಗಳಿಗೊಮ್ಮೆ ಅದನ್ನು ನೋಡಿ ನಿಗದಿ ಮಾಡುತ್ತದೆ. ಲಾಕ್‌ಡೌನಿನಲ್ಲಿ ಮದುವೆಯೇ ಇಲ್ಲ ಅಂದ ಮೇಲೆ ಬ್ಲೌಸ್ ಯಾರು ಹೊಲಿಸುತ್ತಾರೆ? ಐದು ತಿಂಗಳು ಒಂದು ಪೈಸೆ ಕಟ್ಟಲಿಲ್ಲ. ಖಾತೆಗೆ ಎಂತದೂ ಆಗಲಿಲ್ಲ. ವರ್ಷಕ್ಕೆ ಕನಿಷ್ಠ 250 ರೂಪಾಯಿ ಬಿದ್ದರೆ ಸಾಕು, ಅದೂ ತಪ್ಪಿದರೆ 50 ರೂಪಾಯಿ ದಂಡ. ಮೇಲಿನ ಮಿತಿ ವರ್ಷಕ್ಕೆ ಒಂದೂವರೆ ಲಕ್ಷ, ಅದು ನಮ್ಮಂಥವರ ತಲೆನೋವಲ್ಲ. ಮಕ್ಕಳ ಪ್ಲಾನಿಗೆ ಒಂದು ಕಂತು ತಪ್ಪಿದ್ದಕ್ಕೆ ನಾನು ಅನುಭವಿಸಿದ್ದು ನೆನಪಾಗಿ, ಆ ವರ್ಷ ಈ ಪಾಸ್‌ಬುಕ್ಕಿಗೆ ಕೈ ಮುಗಿದದ್ದುಂಟು.

2025ರ ಮಾರ್ಚ್ 31ಕ್ಕೆ ಪುಸ್ತಕದಲ್ಲಿ ಇದ್ದದ್ದು 3,48,000 ಚಿಲ್ಲರೆ. ಅದರಲ್ಲಿ ನಾನು ಕಟ್ಟಿದ್ದು 2,30,000. ಬಾಕಿ ಬಡ್ಡಿ, ಅದಕ್ಕೆ ತೆರಿಗೆ ಇಲ್ಲ. ಒಂದು ಸಣ್ಣ ಗುಟ್ಟು: ಈಗಿನ ನಿಯಮದಲ್ಲಿ ಪ್ರತಿ ತಿಂಗಳ 5ನೇ ತಾರೀಕಿನೊಳಗೆ ಕಟ್ಟಿದರೆ ಮಾತ್ರ ಆ ತಿಂಗಳ ಬಡ್ಡಿ ಆ ದುಡ್ಡಿಗೂ ಸಿಗುತ್ತದೆ. ಆರಕ್ಕೆ ಕಟ್ಟಿದರೆ ಒಂದು ತಿಂಗಳ ಬಡ್ಡಿ ಹೋಯಿತು. ನಾನು ಎರಡನೇ ತಾರೀಕಿಗೇ ಹೋಗಿಬಿಡುತ್ತಿದ್ದೆ. ಈಗ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಆ್ಯಪಿನಲ್ಲಿಯೇ ಕಟ್ಟಬಹುದು, ಕ್ಯೂ ಇಲ್ಲ. ಆದರೆ ಪಾಸ್‌ಬುಕ್ಕಿನಲ್ಲಿ ಎಂಟ್ರಿ ಬೀಳದೆ ನನಗೆ ನಿದ್ದೆ ಬರುವುದಿಲ್ಲ.

ಇನ್ನು ತೆಗೆಯುವ ಕಥೆ. ಮಗಳಿಗೆ ಸಿಇಟಿಯಲ್ಲಿ ಮಂಗಳೂರಿನ ಕಡೆಯ ಕಾಲೇಜಿನಲ್ಲಿ ಸೀಟಾಯಿತು. ಆಟಿಯ ಮಳೆ ಸುರಿಯುತ್ತಿತ್ತು. ಸೀಟು ಒಪ್ಪಿಕೊಂಡು ಫೀಸು ಕಟ್ಟಲು ನಾಲ್ಕೇ ದಿನ ಇತ್ತು. ಸುಕನ್ಯಾದಲ್ಲಿ ಹುಡುಗಿಗೆ 18 ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ, ಹಿಂದಿನ ಮಾರ್ಚ್ ಕೊನೆಗೆ ಇದ್ದ ಮೊತ್ತದ ಅರ್ಧದವರೆಗೆ ಓದಿಗೆ ತೆಗೆಯಬಹುದು. ಅಂದರೆ ನಮಗೆ 1,74,000. ಪಾಸ್‌ಬುಕ್ ಹಿಡಿದು ಅಂಚೆ ಕಚೇರಿಗೆ ಓಡಿದೆ. ಕೌಂಟರಿನ ಹುಡುಗ ಸೌಮ್ಯ, ಬೈದು ಮಾತಾಡುವವನಲ್ಲ. "ಅಕ್ಕಾ, ಕಾಲೇಜಿನ ಅಡ್ಮಿಷನ್ ಲೆಟರ್ ಬೇಕಲ್ಲ?" ಅಂದ. ಫೀಸು ಕಟ್ಟದೆ ಅಡ್ಮಿಷನ್ ಆರ್ಡರ್ ಪ್ರಿಂಟೇ ಆಗುವುದಿಲ್ಲ ಅಂದೆ. "ಲೆಟರ್ ಇಲ್ಲದೆ ದುಡ್ಡು ಪಾಸಾಗುವುದಿಲ್ಲ" ಅಂದ. ನಿಯಮದಲ್ಲಿ ಇರುವುದು ಪ್ರವೇಶ ಖಚಿತವಾದ ಪತ್ರ ಅಥವಾ ಫೀಸಿನ ಚೀಟಿ ಅಂತ. ಸೀಟು ಹಂಚಿಕೆಯ ಪ್ರಿಂಟಿನಲ್ಲಿ ಕಾಲೇಜಿನ ಹೆಸರೂ ಉಂಟು, ಫೀಸೂ ಉಂಟು. ಅದು ಇವೆರಡರಲ್ಲಿ ಯಾವುದು ಅಂತ ಅವನಿಗೂ ಗೊತ್ತಿಲ್ಲ, ಒಳಗೆ ಕೂತ ಮೇಲಿನವರಿಗೂ ಗೊತ್ತಿಲ್ಲ. ಮೇಲೆ ಕೇಳಿ ಹೇಳುತ್ತೇವೆ ಅಂದರು. ನಾಲ್ಕು ದಿನದಲ್ಲಿ ಒಂದು ಅಲ್ಲಿಗೇ ಮುಗಿಯಿತು.

ಸೊಸೈಟಿಗೆ ಹೋಗಿ ಬಳೆ ಇಟ್ಟೆ. ನಮ್ಮೂರಿನಲ್ಲಿ ಚಿನ್ನದ ಸಾಲ ಅರ್ಧ ಗಂಟೆಯ ಕೆಲಸ. ಅದರಲ್ಲಿ ಫೀಸು ಕಟ್ಟಿ, ಆರ್ಡರ್ ತೆಗೆದು, ಮತ್ತೆ ಅಂಚೆ ಕಚೇರಿಗೆ ಹೋದರೆ ಎರಡನೇ ತಡೆ. ಹದಿನೆಂಟು ತುಂಬಿದ ಮೇಲೆ ಖಾತೆ ನಡೆಸುವವಳು ಮಗಳೇ, ನಾನಲ್ಲ. ಅವಳೇ ಬಂದು ಆಧಾರ್, ಪಾನ್ ಕೊಟ್ಟು ಸಹಿ ಮಾಡಬೇಕು. ಆಧಾರಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಪಾಸ್‌ಬುಕ್ಕಿನಲ್ಲಿ ಮುಂದೆ! ಎರಡನೇ ಕ್ಲಾಸಿನ ಹುಡುಗಿಯ ಹೆಸರನ್ನು ನಾನೇ ಫಾರಮ್ಮಿನಲ್ಲಿ ಹಾಗೆ ಬರೆದಿದ್ದೆ, ಯಾರನ್ನು ಬೈಯುವುದು? ಅದು ಸರಿಯಾಗಿ ದುಡ್ಡು ಅವಳ ಉಳಿತಾಯ ಖಾತೆಗೆ ಬೀಳುವಾಗ ಬಳೆ ಸೊಸೈಟಿಯಲ್ಲಿ ಒಂಬತ್ತು ದಿನ ಕಳೆದಿತ್ತು. ಕಾಲೇಜಿನ ಚೀಟಿಯಲ್ಲಿ ತೋರಿಸಿದಷ್ಟೇ ದುಡ್ಡು ಕೊಡುತ್ತಾರೆ ಅನ್ನುವುದನ್ನೂ ನೆನಪಿಡಿ. ಹಾಸ್ಟೆಲಿನವರು ಕೈಬರಹದ ರಸೀದಿ ಕೊಟ್ಟಿದ್ದರು, ಅದು ನಡೆಯಲಿಲ್ಲ. ಆ ಅರ್ಧವನ್ನು ಒಂದೇ ಸಲ ತೆಗೆಯಬೇಕೆಂದಿಲ್ಲ, ವರ್ಷಕ್ಕೊಂದು ಸಲದಂತೆ ಐದು ವರ್ಷದವರೆಗೆ ತೆಗೆಯಬಹುದು. ನಾವು ಮೊದಲ ವರ್ಷದ ಫೀಸಿನಷ್ಟು ತೆಗೆದು ಬಾಕಿಯದನ್ನು ಎರಡನೇ ವರ್ಷಕ್ಕೆ ಬಿಟ್ಟೆವು.

ಆದ್ದರಿಂದ ನಿಮ್ಮ ಮಗಳು ಈಗ ಪಿಯುಸಿಯಲ್ಲಿದ್ದರೆ ಇವತ್ತೇ ಪಾಸ್‌ಬುಕ್ ಮತ್ತು ಆಧಾರ್ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ಅವಳ ಹೆಸರಿನಲ್ಲಿ ಒಂದು ಉಳಿತಾಯ ಖಾತೆ ತೆರೆದಿಡಿ. ಮೊದಲ ಕಂತಿನ ಫೀಸನ್ನು ಬೇರೆ ಕಡೆ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಸುಕನ್ಯಾ ದುಡ್ಡು ಬರುತ್ತದೆ, ಕಾಲೇಜು ಕೇಳಿದ ದಿನವೇ ಬರುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಖಾತೆ ಮುಗಿಯುವುದು ತೆರೆದ ದಿನದಿಂದ 21 ವರ್ಷಕ್ಕೆ. ಮಗುವಿನ ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಕಟ್ಟುವುದು 15 ವರ್ಷ. ನನ್ನದು ಮುಗಿಯುವುದು 2036ರಲ್ಲಿ. ಆಗ ಮಗಳಿಗೆ 29 ಹತ್ತಿರ, ಇಂಜಿನಿಯರಿಂಗ್ ಮುಗಿದು ಏಳು ವರ್ಷ. ಆದರೆ ಹದಿನೆಂಟರ ಮೇಲೆ ಅವಳ ಮದುವೆ ಅಂತ ಅರ್ಜಿ ಕೊಟ್ಟರೆ ಪೂರ್ತಿ ದುಡ್ಡು ಕೊಟ್ಟು ಖಾತೆ ಮುಚ್ಚುತ್ತಾರೆ. ಓದಿಗೆ ಅರ್ಧ, ಮದುವೆಗೆ ಪೂರ್ತಿ. ಹೆಣ್ಣುಮಕ್ಕಳನ್ನು ಓದಿಸಲು ಅಂತ ಮಾಡಿದ ಯೋಜನೆಯಲ್ಲಿ ಹೀಗೆ ಬರೆದವರು ಯಾರು ಮಾರಾಯ್ರೆ? ಇದನ್ನು ಕೇಳಿ ಮಗಳು, "ಹಾಗಾದರೆ ರಿಜಿಸ್ಟರ್ ಮದುವೆಯಾಗಿ ಫೀಸು ಕಟ್ಟಲಾ ಅಮ್ಮ?" ಅಂದಳು. ಅವಳ ಅಪ್ಪ ನಗಲಿಲ್ಲ. ಮಗು ಹುಟ್ಟಿದ ವರ್ಷವೇ ತೆರೆದವರಿಗೆ ಈ ತೊಂದರೆ ಅಷ್ಟಿಲ್ಲ, ಡಿಗ್ರಿ ಮುಗಿಯುವ ಹೊತ್ತಿಗೆ ಅವರದು ಕೈಗೆ ಬರುತ್ತದೆ. ನನ್ನ ಹಾಗೆ ಏಳೆಂಟು ವರ್ಷಕ್ಕೆ ತೆರೆದವರು ಮೊದಲೇ ತಿಳಿದಿರಲಿ.

ನಮ್ಮ ನಾದಿನಿ ಅಮೆರಿಕದ ಫ್ಲೋರಿಡಾದಲ್ಲಿದ್ದಾಳೆ. ವಿಡಿಯೊ ಕಾಲಿನಲ್ಲಿ ಈ ಕಥೆ ಹೇಳುವಾಗ, "ಅತ್ತಿಗೆ, ನಾವು ಮಗನ ಕಾಲೇಜನ್ನು ಮೊದಲೇ ಕ್ರಯಕ್ಕೆ ತೆಗೆದುಕೊಂಡಿದ್ದೇವೆ" ಅಂದಳು. ನನಗೆ ಅರ್ಥವಾಗಲಿಲ್ಲ. ಅಲ್ಲಿ ರಾಜ್ಯ ಸರ್ಕಾರವೇ 1988ರಿಂದ ಮುಂಗಡ ಫೀಸಿನ ಪ್ಲಾನ್ ಮಾರುತ್ತದಂತೆ. ಮಿಷಿಗನ್ ರಾಜ್ಯವೂ ಅದೇ ವರ್ಷ ಮಾರಲು ಶುರು ಮಾಡಿತ್ತು. ಮಗು ಸಣ್ಣದಿರುವಾಗ ಸೇರಿದರೆ ತಿಂಗಳ ಕಂತು ನಿಗದಿಯಾಗುತ್ತದೆ, ಮುಂದೆ ಆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ ಫೀಸು ಎಷ್ಟೇ ಏರಲಿ ಪ್ಲಾನೇ ಕಟ್ಟುತ್ತದೆ. ಹಾಸ್ಟೆಲಿಗೆ ಬೇರೆ. ನನ್ನ ಪಾಸ್‌ಬುಕ್ಕು ಬಡ್ಡಿಯ ಮಾತು ಮಾತ್ರ ಕೊಡುತ್ತದೆ. ಅವಳದು ಫೀಸಿನ ಮಾತನ್ನೇ ಕೊಡುತ್ತದೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿಯೂ ಎಲ್ಲ ಚಂದ ಇಲ್ಲ. ಟೆಕ್ಸಾಸ್ 2003ರಲ್ಲಿ ತನ್ನ ಹಳೆಯ ಪ್ಲಾನಿಗೆ ಹೊಸಬರನ್ನು ನಿಲ್ಲಿಸಿತು. ಅಲಬಾಮಾದಲ್ಲಿ 2008ರ ಶೇರು ಕುಸಿತದ ನಂತರ ನಿಧಿಯಲ್ಲಿ ದುಡ್ಡು ಸಾಲದೆ ತಂದೆತಾಯಿಗಳು ಸರ್ಕಾರದ ಬಾಗಿಲಿಗೆ ಹೋಗಬೇಕಾಯಿತು. ಫೀಸು ಏರುವ ವೇಗವನ್ನು ತಪ್ಪಾಗಿ ಅಂದಾಜು ಮಾಡಿದರೆ ಮಾತು ಕೊಟ್ಟವರೇ ಮುಳುಗುತ್ತಾರೆ. ನಮ್ಮಲ್ಲಿ ಒಂದೇ ಕಾಲೇಜಿನ ಒಂದೇ ಬೆಂಚಿನಲ್ಲಿ ಸಿಇಟಿ ಸೀಟಿಗೆ ಒಂದು ರೇಟು, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆಗೆ ಒಂದು, ಮ್ಯಾನೇಜ್‌ಮೆಂಟಿಗೆ ಮತ್ತೊಂದು. ಇಲ್ಲಿ ಯಾವುದನ್ನು ಅಂತ ಮುಂಗಡ ಮಾರುವುದು?

ನಮ್ಮ ನೆರೆಮನೆಯ ಹುಡುಗ 2015ರಲ್ಲಿ ಸಿಇಟಿ ಸೀಟಿಗೆ ಕಟ್ಟಿದ್ದು ಮಗಳಿಗೆ ಈಗ ಆದದ್ದರ ಹೆಚ್ಚುಕಮ್ಮಿ ಅರ್ಧ. ಹತ್ತು ವರ್ಷದಲ್ಲಿ ದುಪ್ಪಟ್ಟು ಅಂದರೆ ವರ್ಷಕ್ಕೆ ಶೇ. 7 ಚಿಲ್ಲರೆ. ನನ್ನ ಖಾತೆ ಸರಾಸರಿ 8ರ ಸುತ್ತ ಬೆಳೆದಿದೆ. ಅಂತೂ ಫೀಸಿಗಿಂತ ಒಂದು ಹೆಜ್ಜೆ ಮುಂದೆ. ಮ್ಯಾನೇಜ್‌ಮೆಂಟ್ ಸೀಟು ಆಗಿದ್ದರೆ ಈ ಲೆಕ್ಕ ಮೊದಲ ವರ್ಷವೇ ಕೊಚ್ಚಿಹೋಗುತ್ತಿತ್ತು.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದನ್ನು ಕಡಿದದ್ದು ಮದುವೆಯ ನಿಯಮಕ್ಕೆ. ಬಳೆಯ ಒಂಬತ್ತು ದಿನವನ್ನು ಮನ್ನಿಸಿದ್ದೇನೆ. ನಾಲ್ಕು ಕೊಟ್ಟದ್ದಕ್ಕೆ ಬಡ್ಡಿಗಿಂತ ದೊಡ್ಡ ಕಾರಣ ಉಂಟು. ಈ ಖಾತೆಯ ಮೇಲೆ ಸಾಲ ಸಿಗುವುದಿಲ್ಲ, ಬೇಕೆಂದಾಗ ನಡುವೆ ಮುರಿಯಲಾಗುವುದಿಲ್ಲ. ಹತ್ತು ವರ್ಷದಲ್ಲಿ ಮನೆಯ ಮಾಡು ಸೋರಿತು, ನಮ್ಮವರು ಬೈಕು ಬದಲಿಸಬೇಕು ಅಂದರು, ಭಾವನ ಮಗನ ಮದುವೆಗೆ ಉಡುಗೊರೆ ಕೊಡಬೇಕಾಯಿತು. ಎಲ್ಲದಕ್ಕೂ ಮೊದಲು ಕಣ್ಣು ಬಿದ್ದದ್ದು ಆ ಡ್ರಾಯರಿನ ಮೇಲೆ. "ಅದನ್ನು ಮುಟ್ಟಲಾಗುವುದಿಲ್ಲ, ಗವರ್ನಮೆಂಟ್ ರೂಲು" ಅಂದರೆ ಚರ್ಚೆಯೇ ಇಲ್ಲ. ನಾನಾಗಿ ಬೇಡ ಅಂದಿದ್ದರೆ ಜಗಳ ಆಗುತ್ತಿತ್ತು.

ಮಗ ಎಂಟನೇ ಕ್ಲಾಸಿನಲ್ಲಿದ್ದಾನೆ. ಗಂಡುಮಕ್ಕಳಿಗೆ ಸುಕನ್ಯಾ ಇಲ್ಲ, ಹಾಗಾಗಿ ಅವನ ಹೆಸರಿನಲ್ಲಿ 2020ರಿಂದ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ನಡೆಯುತ್ತಿದೆ, ಶೇ. 7.1. ಫಾರಂ ತುಂಬುವಾಗ ಈ ಸಲವೂ ಇನಿಷಿಯಲ್ ಮುಂದೆಯೇ ಬರೆದಿದ್ದೆ. ಮೊನ್ನೆ ಹೋಗಿ ಸರಿ ಮಾಡಿಸಿಕೊಂಡು ಬಂದೆ.